ಹಳೆಯ ಸಿಗರೇಟು ಕಾರ್ಡುಗಳ ರಂಗನಟಿಯರು: ಗುರುತಿಸುವ, ದಾಖಲಿಸುವ, ಮಳೆನಾಡಿನಲ್ಲಿ ಕಾಪಾಡುವ ಕ್ರಮ

ನಮ್ಮ ಕಡೆಯ ಹಳೆಯ ಮನೆಗಳ ಹಂಚಿನ ಮಾಡು ಬಿಚ್ಚಿ ತಾರಸಿ ಹಾಕಿಸುವಾಗ ಅಟ್ಟದಿಂದ ಕೆಳಗಿಳಿಯುವ ಮರದ ಪೆಟ್ಟಿಗೆಗಳಲ್ಲಿ ತೀರ್ವೆಯ ರಶೀದಿ, ಪ್ರಸಂಗಪುಸ್ತಕ, ಜಾತಕದ ಕಟ್ಟುಗಳ ನಡುವೆ ಕೆಲವೊಮ್ಮೆ ಬೆಂಕಿಪೊಟ್ಟಣಕ್ಕಿಂತ ತುಸು ಉದ್ದವಾದ, ಕಂದು ಬಣ್ಣಕ್ಕೆ ತಿರುಗಿದ ರಟ್ಟಿನ ಚಿತ್ರಗಳು ಸಿಗುವುದುಂಟು. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ಮನೆಯಲ್ಲಿ ಅಂಥವು 43 ಸಿಕ್ಕಿದವು. ಅಜ್ಜನ ಅಣ್ಣ, ಅಂದರೆ ನಾವು ದೊಡ್ಡಜ್ಜ ಎಂದು ಕರೆಯುತ್ತಿದ್ದವರು, ಹರೆಯದಲ್ಲಿ ಮುಂಬಯಿಯ ಹೋಟೆಲೊಂದರಲ್ಲಿ ಕೆಲವು ವರ್ಷ ದುಡಿದು ಊರಿಗೆ ಮರಳಿದವರು. ಸಿಗರೇಟಿನ ಪೊಟ್ಟಣದೊಳಗಿಂದ ಬರುತ್ತಿದ್ದ ಈ ಕಾರ್ಡುಗಳನ್ನು ಅವರು ಒಂದು ತಗಡಿನ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದರು. ಹೆಚ್ಚಿನವುಗಳಲ್ಲಿ ಇರುವುದು ಇಂಗ್ಲೆಂಡ್ ಮತ್ತು ಅಮೆರಿಕದ ರಂಗನಟಿಯರ ಛಾಯಾಚಿತ್ರಗಳು. ಯಕ್ಷಗಾನದ ಹೆಣ್ಣುವೇಷವನ್ನು ಗಂಡಸರೇ ಕಟ್ಟುತ್ತಿದ್ದ ಊರಿನಿಂದ, ಮರಾಠಿ ರಂಗನಟ ಬಾಲಗಂಧರ್ವರು ಸ್ತ್ರೀಪಾತ್ರಗಳಿಂದಲೇ ಹೆಸರಾಗುತ್ತಿದ್ದ ಮುಂಬಯಿಗೆ ಹೋದ ಹುಡುಗನೊಬ್ಬನಿಗೆ, ಹೆಸರಿನ ಸಮೇತ ಅಚ್ಚಾಗಿ ಬರುತ್ತಿದ್ದ ಈ ಹೆಂಗಸರ ಚಿತ್ರಗಳು ಎಷ್ಟು ಹೊಸತಾಗಿ ಕಂಡಿರಬಹುದೆಂದು ನಾನು ಆಗಾಗ ಯೋಚಿಸುತ್ತೇನೆ.

ಇಂಥ ಕಾರ್ಡುಗಳು ನಿಮ್ಮ ಕೈಗೆ ಸಿಕ್ಕಿದರೆ ಏನು ಮಾಡಬೇಕು ಎಂಬುದಕ್ಕಿಂತ ಮೊದಲು ಏನು ಮಾಡಬಾರದು ಎಂಬುದನ್ನು ಹೇಳುತ್ತೇನೆ, ಏಕೆಂದರೆ ಅದನ್ನು ನಾನು ಒಂದು ಕಾರ್ಡನ್ನು ಕಳೆದುಕೊಂಡು ಕಲಿತೆ. ಡಬ್ಬಿಯ ಮೇಲಿನ ಮೊದಲ ಕಾರ್ಡಿನಲ್ಲಿ ಮಸಿ ಕಟ್ಟಿತ್ತು. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಹೋದೀತೆಂದು ನಂಬಿ ಒರೆಸಿದೆ. ಛಾಯಾಚಿತ್ರದ ಮೇಲ್ಪದರವು ಜೆಲಟಿನ್ ಎಂಬ ಅಂಟುದ್ರವ್ಯದಿಂದ ಆದದ್ದು. ಅದು ನೀರು ಕುಡಿದರೆ ಉಬ್ಬಿ ಮೆತ್ತಗಾಗುತ್ತದೆ. ನಟಿಯ ಹೆಸರು ಕೂಡ ಚಿತ್ರದ ಆ ಪದರದಲ್ಲಿಯೇ ಮೂಡಿದ್ದುದರಿಂದ, ಬಟ್ಟೆಯ ಜೊತೆಯಲ್ಲಿ ಕೆಳ ಅಂಚಿನ ಹೆಸರೂ ಎದ್ದು ಬಂತು. ಮುಖ ಉಳಿಯಿತು, ಹೆಸರು ಹೋಯಿತು. ಆದ್ದರಿಂದ ನೀರು, ಎಂಜಲು, ಸ್ಪಿರಿಟ್, ಸಾಬೂನು, ರಬ್ಬರು, ಯಾವುದನ್ನೂ ಚಿತ್ರದ ಮೇಲೆ ಪ್ರಯೋಗಿಸಬಾರದು. ಸಡಿಲವಾಗಿ ಕುಳಿತ ಧೂಳನ್ನು ಚಿತ್ರ ಬಿಡಿಸುವವರು ಬಳಸುವ ಮೆತ್ತನೆಯ ಒಣ ಕುಂಚದಿಂದ ಒಳಗಿನಿಂದ ಅಂಚಿನ ಕಡೆಗೆ ಸರಿಸಿದರೆ ಸಾಕು. ಮೇಲ್ಪದರವು ಚಕ್ಕೆಯಾಗಿ ಏಳುತ್ತಿದ್ದರೆ ಅದನ್ನೂ ಮಾಡಬಾರದು.

ಮುಟ್ಟುವ ಮೊದಲು ಕೈ ತೊಳೆದು ಪೂರ್ತಿ ಒಣಗಿಸಿಕೊಳ್ಳಿ, ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ಕಾರ್ಡನ್ನು ಅಂಚುಗಳಲ್ಲಿ ಮಾತ್ರ ಹಿಡಿಯಿರಿ. ನಮ್ಮ ಹವೆಯಲ್ಲಿ ಬೆರಳು ಬೆವರದಿರುವ ದಿನಗಳು ಕಡಿಮೆ, ಆದ್ದರಿಂದ ಔಷಧದಂಗಡಿಯಲ್ಲಿ ಸಿಗುವ ನೈಟ್ರೈಲ್ ಕೈಗವಸು ಒಳ್ಳೆಯದು. ನೂಲಿನ ಕೈಗವಸು ಕಾರ್ಡಿನ ಮೊನೆಗಳಿಗೆ ಸಿಕ್ಕಿಕೊಳ್ಳುತ್ತದೆ.

ಇನ್ನು ಓದುವ ಕ್ರಮ. ಎಲ್ಲರೂ ಮೊದಲು ಮುಖವನ್ನು ನೋಡುತ್ತಾರೆ. ನೀವು ಬೆನ್ನನ್ನು ನೋಡಿ, ಅನಂತರ ಮುಖದ ಕೆಳ ಅಂಚನ್ನು ನೋಡಿ. ಕಾರ್ಡನ್ನು ಹೊರಡಿಸಿದ ಕಂಪನಿ ಯಾವುದು, ಅದು ಯಾವ ಸಿಗರೇಟಿನ ಪೊಟ್ಟಣದಲ್ಲಿ ಬಂತು ಎಂಬುದು ಈ ಎರಡು ಕಡೆಗಳಲ್ಲಿ ಒಂದರಲ್ಲಿ ಸಾಮಾನ್ಯವಾಗಿ ಇರುತ್ತದೆ. ಸಿಗರೇಟುಗಳು ಮೆದು ಕಾಗದದ ಪೊಟ್ಟಣದಲ್ಲಿ ಬರುತ್ತಿದ್ದ ಕಾಲದಲ್ಲಿ ಅವು ಬಾಗಿ ಮುರಿಯದಂತೆ ಒಳಗೆ ಒಂದು ರಟ್ಟಿನ ತುಂಡನ್ನು ಇಡುತ್ತಿದ್ದರು. ಆ ರಟ್ಟಿನ ಮೇಲೆ ಚಿತ್ರ ಹಾಕಿದರೆ ಕೊಳ್ಳುವವರು ಅದೇ ಗುರುತಿನ ಸಿಗರೇಟನ್ನು ಮತ್ತೆ ಕೇಳುತ್ತಾರೆಂಬ ವ್ಯಾಪಾರದ ಲೆಕ್ಕದಿಂದ ಕಾರ್ಡು ಹುಟ್ಟಿತು. 1880ರ ದಶಕದಲ್ಲಿ ಅಮೆರಿಕದ ಐದು ಕಂಪನಿಗಳು ನಟಿಯರ ಛಾಯಾಚಿತ್ರಗಳನ್ನು ಹೇರಳವಾಗಿ ಹೊರಡಿಸಿದವು: ರಿಚ್ಮಂಡಿನ ಆಲನ್ ಅಂಡ್ ಗಿಂಟರ್, ಡರ್ಹಮ್ಮಿನ ಡ್ಯೂಕ್, ರೋಚೆಸ್ಟರಿನ ಕಿಂಬಾಲ್, ನ್ಯೂಯಾರ್ಕಿನ ಗುಡ್ವಿನ್ ಮತ್ತು ಕಿನ್ನೀ. ಕಾರ್ಡಿನ ಮೇಲೆ ಕಂಪನಿಯ ಹೆಸರಿಗಿಂತ ಸಿಗರೇಟಿನ ಗುರುತೇ ಎದ್ದು ಕಾಣುತ್ತದೆ. ‘ವರ್ಜೀನಿಯಾ ಬ್ರೈಟ್ಸ್’ ಎಂದಿದ್ದರೆ ಆಲನ್ ಅಂಡ್ ಗಿಂಟರ್, ‘ಕ್ರಾಸ್ ಕಟ್’ ಎಂದಿದ್ದರೆ ಡ್ಯೂಕ್, ‘ಓಲ್ಡ್ ಜಡ್ಜ್’ ಎಂದಿದ್ದರೆ ಗುಡ್ವಿನ್, ‘ಸ್ವೀಟ್ ಕ್ಯಾಪೊರಲ್’ ಎಂದಿದ್ದರೆ ಕಿನ್ನೀ. ಈ ಐದೂ ಕಂಪನಿಗಳು 1890ರಲ್ಲಿ ಕೂಡಿ ಅಮೆರಿಕನ್ ಟೊಬ್ಯಾಕೊ ಕಂಪನಿಯಾದವು.

ನಮ್ಮ ದೇಶದ ಮನೆಗಳಲ್ಲಿ ಸಿಗುವವು ಬಹುಮಟ್ಟಿಗೆ ಬ್ರಿಟಿಷ್ ಕಾರ್ಡುಗಳು. ಲಿವರ್‌ಪೂಲಿನ ಆಗ್ಡನ್ಸ್ ಕಂಪನಿಯು 1900ರ ಆಸುಪಾಸಿನ ವರ್ಷಗಳಲ್ಲಿ ‘ಗಿನಿ ಗೋಲ್ಡ್’ ಸಿಗರೇಟಿನೊಡನೆ ಅಸಲಿ ಛಾಯಾಚಿತ್ರಗಳನ್ನೇ ಕೊಡುತ್ತಿತ್ತು. ಚಿತ್ರದ ಕೆಳಗೆ ನಟಿಯ ಹೆಸರೂ ಸಿಗರೇಟಿನ ಹೆಸರೂ ಇರುತ್ತವೆ. ಬ್ರಿಸ್ಟಲಿನ ವಿಲ್ಸ್ ಕಂಪನಿಯ ‘ಸಿಸರ್ಸ್’ ಸಿಗರೇಟು, ಕತ್ತರಿಯ ಗುರುತಿನದು, ಇಲ್ಲಿ ಚೆನ್ನಾಗಿ ಮಾರಾಟವಾಗುತ್ತಿತ್ತು, ಅದರ ಕಾರ್ಡುಗಳಲ್ಲಿಯೂ ನಟಿಯರ ಮಾಲೆಗಳಿವೆ. ಕಾಲವನ್ನು ಅಂದಾಜು ಮಾಡಲು ಒಂದು ಸಾಲು ಬಹಳ ಉಪಕಾರಿ. ಅಮೆರಿಕನ್ ಟೊಬ್ಯಾಕೊ ಕಂಪನಿಯು 1901ರಲ್ಲಿ ಆಗ್ಡನ್ಸನ್ನು ಕೊಂಡು ಬ್ರಿಟನ್ನಿಗೆ ಕಾಲಿಟ್ಟಾಗ, ಅದನ್ನು ಎದುರಿಸಲು ವಿಲ್ಸ್, ಪ್ಲೇಯರ್ ಮುಂತಾದ ಕಂಪನಿಗಳು ಅದೇ ವರ್ಷದ ಕೊನೆಯಲ್ಲಿ ಇಂಪೀರಿಯಲ್ ಟೊಬ್ಯಾಕೊ ಎಂಬ ಒಂದೇ ಸಂಸ್ಥೆಯಾಗಿ ಕೂಡಿಕೊಂಡವು. 1902ರಲ್ಲಿ ಎರಡು ಪಕ್ಷಗಳೂ ರಾಜಿಯಾಗಿ ಆಗ್ಡನ್ಸ್ ಇಂಪೀರಿಯಲ್ಲಿಗೆ ಸೇರಿತು, ಹೊರದೇಶಗಳ ವ್ಯಾಪಾರಕ್ಕೆಂದು ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಹುಟ್ಟಿತು. ಆದ್ದರಿಂದ ಕಾರ್ಡಿನ ಬೆನ್ನಿನಲ್ಲಿ ‘ಇಂಪೀರಿಯಲ್ ಟೊಬ್ಯಾಕೊ ಕಂಪನಿಯ ಶಾಖೆ’ ಎಂಬ ಅರ್ಥದ ಇಂಗ್ಲಿಷ್ ಸಾಲಿದ್ದರೆ ಅದು ಈ ಕೂಡಿಕೆಯ ನಂತರದ ಕಾರ್ಡು. ಆ ಸಾಲು ಇಲ್ಲದ ಮಾತ್ರಕ್ಕೆ ಅದಕ್ಕೆ ಹಿಂದಿನದು ಎಂದು ತೀರ್ಮಾನಿಸಬಾರದು, ಏಕೆಂದರೆ ಹೊರದೇಶಗಳಿಗೆಂದು ಮಾಡಿದ ಕಾರ್ಡುಗಳಲ್ಲಿ ಅದು ಇರಲೇಬೇಕೆಂದಿಲ್ಲ. ಇಂಪೀರಿಯಲ್ ಟೊಬ್ಯಾಕೊ ಕಂಪನಿ ಆಫ್ ಇಂಡಿಯಾ ಕಲ್ಕತ್ತೆಯಲ್ಲಿ ಸ್ಥಾಪನೆಯಾದದ್ದು 1910ರಲ್ಲಿ, ಇಂದಿನ ಐಟಿಸಿ ಎಂದರೆ ಅದೇ. ಅದಕ್ಕೆ ಮೂರು ವರ್ಷ ಮೊದಲು, 1907ರಲ್ಲಿ, ರೈಲು ಕಾಸರಗೋಡನ್ನು ದಾಟಿ ಮಂಗಳೂರು ಮುಟ್ಟಿತ್ತು. ಪೊಟ್ಟಣದ ಸಿಗರೇಟು ನಮ್ಮ ಕಡೆಗೆ ಸಲೀಸಾಗಿ ಬರಲು ತೊಡಗಿದ್ದಕ್ಕೂ ಈ ದಾರಿಗೂ ಸಂಬಂಧವಿದೆಯೆಂಬುದು ನನ್ನ ಊಹೆ.

ಬೆನ್ನು ಓದಿದ ಮೇಲೆ ಚಿತ್ರ ಯಾವ ಬಗೆಯದೆಂದು ನೋಡಬೇಕು. ಇದಕ್ಕೆ ಅಕ್ಕಸಾಲಿಗರು ಕಣ್ಣಿಗೆ ಹಿಡಿದುಕೊಳ್ಳುವ, 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಬೇಕು. ಕೆನ್ನೆಯಂಥ, ನೆರಳು ಮೆಲ್ಲಗೆ ಬದಲಾಗುವ ಭಾಗವನ್ನು ಅದರಲ್ಲಿ ನೋಡಿ. ಸಾಲುಸಾಲಾಗಿ ಜೋಡಿಸಿದ ಚುಕ್ಕೆಗಳು ಕಂಡರೆ ಅದು ಅಚ್ಚಿನ ಯಂತ್ರದಲ್ಲಿ ಮುದ್ರಿಸಿದ ಚಿತ್ರ, ಪತ್ರಿಕೆಯ ಚಿತ್ರದ ಹಾಗೆ. ಚುಕ್ಕೆಯೇ ಇಲ್ಲದೆ ಕಪ್ಪಿನಿಂದ ಬಿಳುಪಿಗೆ ಮಂಜಿನಂತೆ ಹರಡಿದ್ದರೆ ಅಸಲಿ ಛಾಯಾಚಿತ್ರ. ಅದರಲ್ಲಿಯೂ ಎರಡು ಬಗೆ. 1880ರ ದಶಕದ ಅಮೆರಿಕದ ಕಾರ್ಡುಗಳು ಹೆಚ್ಚಾಗಿ ಮೊಟ್ಟೆಯ ಬಿಳಿಲೋಳೆ ಸವರಿದ ತೆಳುಕಾಗದದಲ್ಲಿ ಮೂಡಿಸಿ ರಟ್ಟಿಗೆ ಅಂಟಿಸಿದ ಆಲ್ಬ್ಯುಮೆನ್ ಚಿತ್ರಗಳು: ಬಣ್ಣ ಬೆಲ್ಲದಂತೆ ಕಂದು, ಬೆಳಕಿನ ಭಾಗಗಳು ಹಳದಿ, ಭೂತಗನ್ನಡಿಯಲ್ಲಿ ಕಾಗದದ ನಾರುಗಳೂ ಅತಿ ಸಣ್ಣ ಬಿರುಕುಗಳೂ ಕಾಣುತ್ತವೆ. ಅನಂತರದ ಜೆಲಟಿನ್ ಚಿತ್ರಗಳಲ್ಲಿ ಕಾಗದಕ್ಕೂ ಚಿತ್ರಕ್ಕೂ ನಡುವೆ ಬಿಳಿಯ ಒಂದು ಪದರವಿರುವುದರಿಂದ ನಾರು ಕಾಣುವುದಿಲ್ಲ. ಓರೆಯಾಗಿ ಹಿಡಿದರೆ ಕಪ್ಪು ಭಾಗಗಳ ಅಂಚಿನಲ್ಲಿ ನೀಲಿಛಾಯೆಯ ಬೆಳ್ಳಿಹೊಳಪು ಕಾಣುತ್ತದೆ. ಆ ಹೊಳಪು ಹಳೆತನದ ಒಳ್ಳೆಯ ಸಾಕ್ಷಿ. ಅದನ್ನು ಕೊಳೆಯೆಂದು ಉಜ್ಜಿ ತೆಗೆಯಹೋಗಬೇಡಿ, ಅದು ಚಿತ್ರವನ್ನು ಮೂಡಿಸಿದ ಬೆಳ್ಳಿಯೇ ಮೇಲಕ್ಕೆ ಬಂದದ್ದು.

ಕೊಳ್ಳುವ ಆಸೆಯಿದ್ದವರು ಈ ಪರೀಕ್ಷೆಯನ್ನು ಬಿಡಬಾರದು. ಹಳೆಯದೆಂದು ಮಾರುವ ಹೊಸ ನಕಲುಗಳಲ್ಲಿ ಚುಕ್ಕೆಗಳು ಕೂಡಲೇ ಸಿಕ್ಕಿಬೀಳುತ್ತವೆ. ಕಳ್ಳನೋಟು ನೋಡಲು ಅಂಗಡಿಗಳಲ್ಲಿ ಇಟ್ಟುಕೊಳ್ಳುವ ಅತಿನೇರಳೆ ದೀಪವೂ ನೆರವಾಗುತ್ತದೆ: ಎರಡನೆಯ ಮಹಾಯುದ್ಧದ ನಂತರ ಬಳಕೆಗೆ ಬಂದ ಬಿಳುಪುಕಾರಕ ಬೆರೆಸಿದ ಕಾಗದ ಆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ, ಹಳೆಯ ರಟ್ಟು ಮಂಕಾಗಿಯೇ ಇರುತ್ತದೆ.

ಈಗ ಹೆಸರಿನ ಕೆಲಸ. ನನಗೆ ಇದು ಎಲ್ಲಕ್ಕಿಂತ ಮುಖ್ಯ. ‘ಹಳೆಯ ಕಾಲದ ಯಾರೋ ಸುಂದರಿ’ ಎಂದು ಒಟ್ಟಾಗಿ ಕಟ್ಟಿಡುವವರನ್ನು ಕಂಡಾಗ ನನಗೆ ನೋವಾಗುತ್ತದೆ, ಏಕೆಂದರೆ ಇವರು ದಿನಾ ರಾತ್ರಿ ರಂಗದ ಮೇಲೆ ದುಡಿದು ಹೆಸರು ಗಳಿಸಿದ ಕಲಾವಿದೆಯರು, ಮತ್ತು ಆ ಹೆಸರು ಕಾರ್ಡಿನ ಮೇಲೆಯೇ ಅಚ್ಚಾಗಿದೆ. ಹೆಸರನ್ನು ಕಾರ್ಡಿನಲ್ಲಿರುವ ಇಂಗ್ಲಿಷ್ ಅಕ್ಷರಗಳಲ್ಲಿ, ತಪ್ಪಿದ್ದರೆ ತಪ್ಪನ್ನೂ ಸೇರಿಸಿ, ಇದ್ದಂತೆಯೇ ಬರೆದುಕೊಳ್ಳಿ. ಕನ್ನಡದ ರೂಪವನ್ನು ಪಕ್ಕದಲ್ಲಿ ಬರೆಯಿರಿ. ಒಬ್ಬಳೇ ನಟಿ ಒಂದು ಕಾರ್ಡಿನಲ್ಲಿ ‘ಮಿಸೆಸ್ ಲ್ಯಾಂಗ್ಟ್ರಿ’ ಎಂದೂ ಇನ್ನೊಂದರಲ್ಲಿ ‘ಲಿಲ್ಲೀ ಲ್ಯಾಂಗ್ಟ್ರಿ’ ಎಂದೂ ಇರಬಹುದು. ಇಬ್ಬರೆಂದು ಎಣಿಸಬಾರದು. ಜರ್ಸಿ ದ್ವೀಪದಲ್ಲಿ 1853ರಲ್ಲಿ ಹುಟ್ಟಿದ ಈಕೆ, ಶೇಕ್ಸ್‌ಪಿಯರನ ನಾಯಕಿಯರ ಪಾತ್ರಗಳಿಗೆ ಹೆಸರಾದ ಎಲೆನ್ ಟೆರಿ, ಫ್ರಾನ್ಸಿನ ಸಾರಾ ಬರ್ನಾರ್, ಅಮೆರಿಕದ ಗೀತನಾಟಕಗಳ ಲಿಲಿಯನ್ ರಸೆಲ್, ಲಂಡನ್ನಿನ ಸಂಗೀತ ಹಾಸ್ಯನಾಟಕಗಳ ಮೇರಿ ಸ್ಟಡ್‌ಹೋಮ್ ಮತ್ತು ಗರ್ಟಿ ಮಿಲ್ಲರ್, ಅಕ್ಕತಂಗಿಯರಾದ ಜೀನಾ ಡೇರ್ ಮತ್ತು ಫಿಲಿಸ್ ಡೇರ್, ಇವರು ಕಾರ್ಡುಗಳಲ್ಲಿ ಮತ್ತೆ ಮತ್ತೆ ಎದುರಾಗುವ ಹೆಸರುಗಳು. ಮೇರಿ ಸ್ಟಡ್‌ಹೋಮ್ ನಮ್ಮ ಡಬ್ಬಿಯೊಂದರಲ್ಲೇ ಆರು ಕಾರ್ಡುಗಳಲ್ಲಿ ಇದ್ದಾಳೆ.

ಉಡುಗೆಯೂ ಸಾಕ್ಷಿ ಹೇಳುತ್ತದೆ. ನಟಿಯರು ಸ್ಟುಡಿಯೋದಲ್ಲಿ ತಮ್ಮ ಪಾತ್ರದ ವೇಷದಲ್ಲೇ ಚಿತ್ರ ತೆಗೆಸಿಕೊಳ್ಳುತ್ತಿದ್ದುದರಿಂದ, ನಾಟಕ ಮೊದಲು ಆಡಿದ ವರ್ಷ ತಿಳಿದರೆ ಚಿತ್ರ ಅದಕ್ಕಿಂತ ಹಿಂದಿನದಲ್ಲವೆಂದು ತಿಳಿಯುತ್ತದೆ. ಎಡ್ನಾ ಮೇ ಎಂಬಾಕೆ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆಯ ಸಮವಸ್ತ್ರದಲ್ಲಿ ಕಂಡರೆ ಅದು ‘ದಿ ಬೆಲ್ ಆಫ್ ನ್ಯೂಯಾರ್ಕ್’ ನಾಟಕದ ಪಾತ್ರ. ಆ ನಾಟಕ ನ್ಯೂಯಾರ್ಕಿನಲ್ಲಿ 1897ರಲ್ಲಿ, ಲಂಡನ್ನಿನಲ್ಲಿ 1898ರಲ್ಲಿ ಮೊದಲು ಆಡಿತು. ಲಿಲಿ ಎಲ್ಸಿಯನ್ನು ‘ದಿ ಮೆರಿ ವಿಡೊ’ ನಾಟಕದ ವೇಷದಲ್ಲಿ ಕಂಡರೆ ಕಾರ್ಡು 1907ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಇದು ಮೇಲಿನ ಮಿತಿಯಲ್ಲ, ಕೆಳಗಿನ ಮಿತಿ ಮಾತ್ರ; ಜನಪ್ರಿಯ ಚಿತ್ರವೊಂದನ್ನು ಕಂಪನಿಗಳು ವರ್ಷಗಟ್ಟಲೆ ಬಳಸುತ್ತಿದ್ದವು.

ಹೆಸರಿಲ್ಲದ ಅಥವಾ ಅರ್ಧ ಅಳಿಸಿದ ಕಾರ್ಡನ್ನು ಹೋಲಿಸಿ ನೋಡಲು ಮನೆಯಲ್ಲೇ ಕುಳಿತು ಉಪಯೋಗಿಸಬಹುದಾದ ದೊಡ್ಡ ಭಂಡಾರಗಳಿವೆ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಜಾರ್ಜ್ ಆರೆಂಟ್ಸ್ ಸಂಗ್ರಹದ ಸಿಗರೇಟು ಕಾರ್ಡುಗಳು ಅಂತರ್ಜಾಲದಲ್ಲಿ ನೋಡಲು ಸಿಗುತ್ತವೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಎಡ್ವರ್ಡ್ ವಾರ್ಟನ್ ಟೈಗರ್ ಬಿಟ್ಟುಹೋದ ಸಂಗ್ರಹವು ಹತ್ತು ಲಕ್ಷವನ್ನು ಮೀರಿದ್ದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿರುವುದು ಜೆಫರ್ಸನ್ ಬರ್ಡಿಕ್ ಕೊಟ್ಟ ಮೂರು ಲಕ್ಷಕ್ಕೂ ಮಿಕ್ಕಿದ ಕಾರ್ಡುಗಳು. ಸಿರಾಕ್ಯೂಸಿನ ಸಾಮಾನ್ಯ ಕೆಲಸಗಾರನಾಗಿದ್ದ ಈತ ಸಂಧಿವಾತದಿಂದ ಸೊಟ್ಟಗಾದ ಬೆರಳುಗಳಲ್ಲಿ ಅವನ್ನೆಲ್ಲ ವಿಂಗಡಿಸಿ ಆಲ್ಬಮ್ಮುಗಳಿಗೆ ಸೇರಿಸುವ ಕೆಲಸವನ್ನು 1963ರ ಜನವರಿಯಲ್ಲಿ ಮುಗಿಸಿದ, ಮಾರ್ಚಿಯಲ್ಲಿ ತೀರಿಕೊಂಡ. ಸಂಗ್ರಾಹಕರು ಇಂದಿಗೂ ಅಮೆರಿಕದ ಕಾರ್ಡುಗಳನ್ನು ಆತ ಕೊಟ್ಟ ಸಂಖ್ಯೆಗಳಿಂದಲೇ ಕರೆಯುತ್ತಾರೆ; 19ನೆಯ ಶತಮಾನದ ತಂಬಾಕು ಕಾರ್ಡುಗಳಿಗೆ ‘ಎನ್’ ಅಕ್ಷರ, ಡ್ಯೂಕ್ ಕಂಪನಿಯ ನಟಿಯರ ಛಾಯಾಚಿತ್ರಗಳಿಗೆ ‘ಎನ್ 145’. ಹುಡುಕುವಾಗ ನಟಿಯ ಹೆಸರಿನ ಜೊತೆಗೆ ಸಿಗರೇಟಿನ ಗುರುತನ್ನೂ ಕೊಟ್ಟರೆ ಬೇಗ ಸಿಗುತ್ತದೆ.

ದಾಖಲೆಗೆ ಒಂದು ಗಟ್ಟಿ ನೋಟುಪುಸ್ತಕ ಸಾಕು. ಕ್ರಮಸಂಖ್ಯೆ, ಮುಂದೆ ಅಚ್ಚಾದ ಮಾತು, ಹಿಂದೆ ಅಚ್ಚಾದ ಮಾತು, ಮಿಲಿಮೀಟರಿನಲ್ಲಿ ಅಳತೆ, ಚಿತ್ರದ ಬಗೆ, ಹಾನಿ ಏನೇನಿದೆ, ಯಾರಿಂದ ಬಂತು, ಇಷ್ಟನ್ನು ಬರೆಯಿರಿ. ಬ್ರಿಟಿಷ್ ಕಾರ್ಡುಗಳ ಸಾಮಾನ್ಯ ಅಳತೆ 36 ಮತ್ತು 68 ಮಿಲಿಮೀಟರು. ಅದಕ್ಕಿಂತ ಬಹಳ ಕಿರಿದಾಗಿದ್ದರೆ ಯಾರೋ ಅಂಚು ಕತ್ತರಿಸಿದ್ದಾರೆಯೇ ಎಂದು ನೋಡಬೇಕು, ಆದರೆ ಬೇರೆ ಅಳತೆಯ ಮಾಲೆಗಳೂ ಇವೆ. ಸಂಖ್ಯೆಯನ್ನು ಕಾರ್ಡಿನ ಮೇಲೆ ಬರೆಯಬೇಡಿ, ಲಕೋಟೆಯ ಮೇಲೆ ಪೆನ್ಸಿಲಿನಿಂದ ಬರೆಯಿರಿ, ಅದೂ ಕಾರ್ಡನ್ನು ಒಳಗಿಡುವ ಮೊದಲು. ಸ್ಕ್ಯಾನ್ ಮಾಡಿಸುವುದಾದರೆ 1200 ಡಿಪಿಐ, ಅಂದರೆ ಅಂಗುಲಕ್ಕೆ 1200 ಬಿಂದುಗಳು, ಇರಲಿ. ಕಾರ್ಡು ಅಷ್ಟು ಸಣ್ಣದಾದ್ದರಿಂದ 300ರಲ್ಲಿ ತೆಗೆದರೆ ಅಗಲಕ್ಕೆ ಸುಮಾರು 425 ಬಿಂದುಗಳು ಮಾತ್ರ ಸಿಗುತ್ತವೆ, 1200ರಲ್ಲಿ 1700 ಸಿಗುತ್ತವೆ. ಬೆನ್ನನ್ನೂ ಸ್ಕ್ಯಾನ್ ಮಾಡಿ. ಕಾಗದವನ್ನು ರೋಲರುಗಳ ನಡುವೆ ಎಳೆದುಕೊಳ್ಳುವ ಯಂತ್ರಕ್ಕೆ ಕೊಡಬಾರದು, ಗಾಜಿನ ಮೇಲೆ ಮಲಗಿಸುವ ಯಂತ್ರವೇ ಆಗಬೇಕು.

ಆಲ್ಬಮ್ಮಿನಲ್ಲಿ ಮೈದಾ ಅಂಟಿನಿಂದ ಅಂಟಿಸಿದ ಕಾರ್ಡುಗಳು ಸಿಕ್ಕಿದರೆ ಕೀಳಬೇಡಿ, ಆವಿ ಹಿಡಿಯಬೇಡಿ. ಕಿತ್ತರೆ ಬೆನ್ನಿನ ಅಚ್ಚು ಆಲ್ಬಮ್ಮಿಗೆ ಅಂಟಿಕೊಂಡು ಉಳಿಯುತ್ತದೆ, ಕಾಲವನ್ನು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಪುಟಗಳ ನಡುವೆ ಆಮ್ಲರಹಿತ ತೆಳುಕಾಗದ ಇಟ್ಟು ಆಲ್ಬಮ್ಮನ್ನು ಇಡಿಯಾಗಿಯೇ ಕಾಪಾಡುವುದು ಲೇಸು.

ಕಾಪಾಡುವ ಮಾತಿಗೆ ಬಂದರೆ, ಹೊರಗಿನ ಮಾರ್ಗದರ್ಶಿಗಳು ಹೇಳುವ ತಂಪಾದ ಒಣಕೋಣೆ ನಮ್ಮಲ್ಲಿ ಇಲ್ಲ. ವರ್ಷಕ್ಕೆ ಸುಮಾರು 3,500 ಮಿಲಿಮೀಟರು ಮಳೆ ಬೀಳುವ ಜಿಲ್ಲೆ ನಮ್ಮದು. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಬಾಗಿಲ ಹಿಂದೆ ತೂಗಿದ ಬಟ್ಟೆಗೂ ಬೂಷ್ಟು ಬರುತ್ತದೆ. ಛಾಯಾಚಿತ್ರಗಳಿಗೆ 30ರಿಂದ 50 ಶೇಕಡಾ ತೇವಾಂಶ ಹಿತ. ಮಳೆಗಾಲದ ನಮ್ಮ ಗಾಳಿ ಅದರ ಇಮ್ಮಡಿಯ ಹತ್ತಿರ ಇರುತ್ತದೆ. ಆದ್ದರಿಂದ ಕೋಣೆಯನ್ನು ಒಣಗಿಸುವ ಆಸೆ ಬಿಟ್ಟು ಒಂದು ಡಬ್ಬಿಯೊಳಗಿನ ಗಾಳಿಯನ್ನು ಒಣಗಿಸಬೇಕು. ರಬ್ಬರಿನ ಅಂಚಿಲ್ಲದ, ಸಿಲಿಕೋನ್ ಅಂಚಿನ ಬಿಗಿಮುಚ್ಚಳವಿರುವ ಪಾಲಿಪ್ರೊಪಿಲೀನ್ ಡಬ್ಬಿ ಒಂದು, ಬಣ್ಣ ಬದಲಾಯಿಸುವ ಸಿಲಿಕಾ ಜೆಲ್ ಪೊಟ್ಟಣಗಳು, ಒಳಗಿಡುವ ಸಣ್ಣ ತೇವಮಾಪಕ, ಇಷ್ಟಿದ್ದರೆ ಆಯಿತು. ನಮ್ಮ 43 ಕಾರ್ಡುಗಳ ಡಬ್ಬಿಗೆ 200 ಗ್ರಾಂ ಜೆಲ್ ಸಾಕಾಗಿದೆ. ಜೆಲ್ ನೇರವಾಗಿ ಕಾರ್ಡಿಗೆ ತಾಗಬಾರದು. ಮಾಪಕ 30ಕ್ಕಿಂತ ಕೆಳಗಿಳಿದರೆ ಒಂದೆರಡು ಪೊಟ್ಟಣ ಹೊರತೆಗೆಯಿರಿ, ಅತಿಯಾಗಿ ಒಣಗಿದರೆ ಆಲ್ಬ್ಯುಮೆನ್ ಚಿತ್ರಗಳು ಸುರುಟಿಕೊಂಡು ಬಿರಿಯುತ್ತವೆ.

ಡಬ್ಬಿಯನ್ನು ಮುಚ್ಚುವ ದಿನದ ಆಯ್ಕೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ಮಳೆ ಸುರುವಾದ ಮೇಲೆ ಗಾಬರಿಯಾಗಿ ಜೂನಿನಲ್ಲಿ ಬಿಗಿಯಾಗಿ ಮುಚ್ಚಿದರೆ, ಕಾಗದ ಕುಡಿದ ತೇವವನ್ನೂ ಒಳಗೇ ಕೂಡಿಹಾಕಿದಂತಾಗುತ್ತದೆ. ಮಕರ ಸಂಕ್ರಾಂತಿಯ ನಂತರದ ಒಣಹವೆಯಲ್ಲಿ, ಒಂದು ನಡುಹಗಲು, ನೆರಳಿನಲ್ಲಿ ಕಾರ್ಡುಗಳನ್ನು ಹರಡಿ ಎರಡು ಮೂರು ಗಂಟೆ ಬಿಟ್ಟು ಆಮೇಲೆ ತುಂಬಿಸಿ ಮುಚ್ಚಬೇಕು. ಬಿಸಿಲಿಗೆ ಹಾಕುವ ಮಾತೇ ಇಲ್ಲ. ಅಡಕೆಗೆ ಹಿತವಾದ ಬಿಸಿಲು ಇವಕ್ಕೆ ಹಿತವಲ್ಲ.

ಪ್ರತಿ ಕಾರ್ಡಿಗೂ ಒಂದೊಂದು ಆಮ್ಲರಹಿತ ಕಾಗದದ ಲಕೋಟೆ ಬೇಕು. ಪಾಲಿಯೆಸ್ಟರಿನ ಪಾರದರ್ಶಕ ಕಿಸೆಗಳನ್ನು ಅನೇಕರು ಹೊಗಳುತ್ತಾರೆ, ನೋಡುವುದಕ್ಕೆ ಅನುಕೂಲವೂ ಹೌದು. ಆದರೂ ನಮ್ಮ ತೇವದಲ್ಲಿ ಜೆಲಟಿನ್ ಮೆತ್ತಗಾಗಿ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುವ ಭಯವಿರುವುದರಿಂದ ನಾನು ಕಾಗದವನ್ನೇ ಆರಿಸುತ್ತೇನೆ. ಮಳೆಯಂಗಿಯಂತೆ ವಾಸನೆ ಬರುವ ಪಿವಿಸಿ ಕಿಸೆಗಳನ್ನು ಯಾವ ಕಾರಣಕ್ಕೂ ಬಳಸಬೇಡಿ. ಪತ್ರಿಕೆಯ ಕಾಗದ, ಕಂದು ಕಾಗದ, ರಬ್ಬರು ಬ್ಯಾಂಡು ಇವು ಮೂರೂ ವರ್ಜ್ಯ; ರಬ್ಬರಿನಲ್ಲಿರುವ ಗಂಧಕ ಬೆಳ್ಳಿಯ ಚಿತ್ರವನ್ನು ಕೆಡಿಸುತ್ತದೆ.

ಹಿರಿಯರ ಪದ್ಧತಿಗಳನ್ನು ಗೌರವದಿಂದಲೇ ಇಲ್ಲಿ ಬದಿಗಿಡಬೇಕಾಗುತ್ತದೆ. ತಾಳೆಗರಿಯ ಗ್ರಂಥಗಳಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಸವರುವುದು ಸರಿಯಾದ ಕ್ರಮ, ಛಾಯಾಚಿತ್ರಕ್ಕೆ ಎಣ್ಣೆ ತಾಗಿದರೆ ಕಲೆ ಹೋಗದು. ಅಡುಗೆಮನೆಯ ಮೇಲಿನ ಹೊಗೆಯ ಅಟ್ಟದಲ್ಲಿ ಇಟ್ಟ ಬುಟ್ಟಿಗೆ ಹುಳ ಹಿಡಿಯದೆಂಬುದು ನಿಜ, ಆದರೆ ಅದೇ ಹೊಗೆ ಚಿತ್ರವನ್ನು ಮಂಕಾಗಿಸುತ್ತದೆ. ನಮ್ಮ ಡಬ್ಬಿಯ ಮಸಿಯೂ ಅಲ್ಲಿನದೇ. ನುಸಿಗುಳಿಗೆಯ ಆವಿ ಕಾಗದದ ಮೇಲೆ ಮತ್ತೆ ಹರಳುಗಟ್ಟುತ್ತದೆ. ಬಜೆಯ ತುಂಡುಗಳನ್ನು ಬಟ್ಟೆಯಲ್ಲಿ ಕಟ್ಟಿ ಕಪಾಟಿನಲ್ಲಿ ಇಡಬಹುದು, ಡಬ್ಬಿಯೊಳಗೆ ಬೇಡ. ಜಿರಳೆ, ವರಲೆ, ಪುಸ್ತಕ ತಿನ್ನುವ ಬೆಳ್ಳಿಬಣ್ಣದ ಹುಳ, ಇವೆಲ್ಲಕ್ಕೂ ಜೆಲಟಿನ್ನೂ ಮೈದಾ ಅಂಟೂ ಆಹಾರ. ಬಿಗಿಯಾದ ಡಬ್ಬಿಯನ್ನು ನೆಲಕ್ಕೂ ಗೋಡೆಗೂ ತಾಗದ ಹಲಗೆಯ ಮೇಲೆ ಇಡುವುದೇ ಅವಕ್ಕೆ ಮದ್ದು.

ಬೂಷ್ಟು ಬಂದ ಕಾರ್ಡನ್ನು ಕಂಡರೆ ಕೂಡಲೇ ಬೇರೆ ಲಕೋಟೆಗೆ ಹಾಕಿ ಉಳಿದವುಗಳಿಂದ ದೂರ ಮಾಡಿ, ಜೆಲ್ ಇರುವ ಬೇರೆ ಡಬ್ಬಿಯಲ್ಲಿ ಪೂರ್ತಿ ಒಣಗಲು ಬಿಡಿ. ಒದ್ದೆಯಿರುವಾಗ ಉಜ್ಜಿದರೆ ಬೂಷ್ಟು ಚಿತ್ರದೊಳಕ್ಕೆ ಇಳಿಯುತ್ತದೆ. ಒಣಗಿ ಪುಡಿಯಾದ ಮೇಲೆ, ಮುಖಗವಸು ಹಾಕಿಕೊಂಡು, ಜಗಲಿಯಲ್ಲಿ ಕುಂಚದಿಂದ ಸರಿಸಬೇಕು.

ಡಬ್ಬಿಯನ್ನು ವರ್ಷಕ್ಕೊಮ್ಮೆ, ಅದೇ ಸಂಕ್ರಾಂತಿಯ ಹೊತ್ತಿಗೆ, ತೆರೆದು ನೋಡುವುದು ನಮ್ಮ ಮನೆಯಲ್ಲಿ ರೂಢಿಯಾಗಿದೆ. ನಾನು ಹೆಸರು ಅಳಿಸಿದ ಕಾರ್ಡು 17ನೆಯ ಲಕೋಟೆಯಲ್ಲಿದೆ. ಗಿನಿ ಗೋಲ್ಡಿನ ಅರ್ಧ ಅಕ್ಷರಗಳು ಇನ್ನೂ ಓದಲು ಬರುತ್ತವೆ, ಗರಿಯ ದೊಡ್ಡ ಟೋಪಿಯಿದೆ, ಎಡಗೈ ಕುರ್ಚಿಯ ಬೆನ್ನಿನ ಮೇಲಿದೆ. ಇಷ್ಟನ್ನು ನೋಟುಪುಸ್ತಕದಲ್ಲಿ ಬರೆದು, ಹೆಸರಿನ ಸಾಲನ್ನು ಖಾಲಿ ಬಿಟ್ಟು, ಭಂಡಾರಗಳಲ್ಲಿ ಅದೇ ಟೋಪಿಯನ್ನೂ ಅದೇ ಕುರ್ಚಿಯನ್ನೂ ಹುಡುಕುತ್ತಿದ್ದೇನೆ.